ಹನ್ನೊಂದರಲ್ಲಿ ಒಂಬತ್ತು

18 ನವೆಂಬರ್ 2024, ಸೋಮವಾರ. ಬೆಳಿಗ್ಗೆ 7.10

ಟ್ಯಾಬ್ ಚಾರ್ಜ್ 92. ಚಾರ್ಜರ್ ಬ್ಯಾಗಿಗೆ ಹಾಕಿದೆ. ಓದಿಸುವ ಕಾರ್ಡು ನಾಲ್ಕು — ಅಕ್ಷರ, ಪದ, ವಾಕ್ಯ, ಕಥೆ. ಉಪ್ಪಿಟ್ಟು ಮತ್ತೆ ಹೆಚ್ಚಾಯಿತು. ಅಮ್ಮ ಹೋಗಿ ಎಂಟು ತಿಂಗಳು, ಕೈಗೆ ಇನ್ನೂ ಒಬ್ಬರ ಅಳತೆ ಬಂದಿಲ್ಲ. ಕೆಳಗಡೆ ಮನೆಯಲ್ಲಿ ಮಗ್ಗ ಶುರುವಾಗಿದೆ. ದೊಡ್ಡಬಳ್ಳಾಪುರದ ಈ ಬೀದಿಯಲ್ಲಿ ಅಲಾರಂ ಬೇಕಿಲ್ಲ.

ಇವತ್ತಿನಿಂದ ಓದು ಸಮೀಕ್ಷೆ. ಹದಿನಾಲ್ಕು ಶಾಲೆ, ಹನ್ನೆರಡು ದಿನ. ಮೂರು, ನಾಲ್ಕು, ಐದನೇ ಕ್ಲಾಸಿನ ಮಕ್ಕಳನ್ನು ಒಬ್ಬೊಬ್ಬರಾಗಿ ಎದುರಿಗೆ ಕೂರಿಸಿಕೊಂಡು ಓದಿಸಬೇಕು. ಅರ್ಧಕ್ಕಿಂತ ಹೆಚ್ಚು ಮಕ್ಕಳು ವಾಕ್ಯ ಓದಿದರೆ ಶಾಲೆಗೆ ಹಸಿರು. ಇಲ್ಲದಿದ್ದರೆ ಕೆಂಪು. ಶಾಲೆ ಸೇರಿ ಕ್ಲಸ್ಟರ್, ಕ್ಲಸ್ಟರ್ ಸೇರಿ ತಾಲ್ಲೂಕು, ತಾಲ್ಲೂಕು ಸೇರಿ ಜಿಲ್ಲೆ — ಇಲಾಖೆ ಹೇಗೆ ನಡೆಯುತ್ತಿದೆ ಎಂದು ಅಳೆಯುವುದು ಹೀಗೆ. ಅಳತೆಯ ಕೆಳತುದಿಯಲ್ಲಿ ನಾನು. ಸಿಆರ್‌ಪಿ ಆಗಿ ನಾಲ್ಕನೇ ವರ್ಷ. ಪಾಠ ಮಾಡುವುದು ಬಿಟ್ಟು, ಪಾಠ ಮಾಡುವವರನ್ನು ನೋಡಿ ಬರುವ ಕೆಲಸ.

7.45ರ ಸಾಸಲು ಬಸ್ಸು. ಓಡಬೇಕು.

ಅದೇ ದಿನ. ಸಂಜೆ 5.30

ಮೊದಲ ಶಾಲೆ ಮುಗಿಯಿತು. ಹತ್ತೊಂಬತ್ತು ಮಕ್ಕಳು, ಹದಿಮೂರು ಮಂದಿ ವಾಕ್ಯ ಓದಿದರು. ಹಸಿರು. ಒಬ್ಬಳು 'ಆನೆ ಕೆರೆಗೆ ಹೋಯಿತು' ಎಂದು ಓದಿ, "ಒಂದೇ ಹೋಯ್ತಾ ಮಿಸ್?" ಅಂದಳು. ಗೊತ್ತಿಲ್ಲ ಅಂದೆ.

ಬೋಂಡ ತರಿಸಿದ್ದರು. ನೋಡಲು ಬಂದವಳಿಗೆ ತರಿಸುವ ಬೋಂಡ. ಎಲ್ಲರೂ ಗೋಡೆಗೆ ಒರಗಿ ನಿಂತಿರುತ್ತಾರೆ, ನಾನೊಬ್ಬಳೇ ಕೂತು ತಿನ್ನಬೇಕು. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಕಷ್ಟ ಅನ್ನಿಸುವುದು ಇದೇ. ಬೇಡ ಅಂದರೆ ಏನೋ ತಪ್ಪು ಸಿಕ್ಕಿದೆ ಎಂದುಕೊಳ್ಳುತ್ತಾರೆ. ಎರಡು ತಿಂದೆ.

21 ನವೆಂಬರ್, ಗುರುವಾರ. ಸಂಜೆ

ಭಾನುಪ್ರಕಾಶ್ ಫೋನ್ ಮಾಡಿದ್ದ. ಬಿಇಒ ಆಫೀಸಿನಲ್ಲಿ ಎಲ್ಲ ಕ್ಲಸ್ಟರಿನ ನಂಬರ್ ಒಟ್ಟು ಮಾಡುವವನು ಅವನೇ.

"ಮೇಡಂ, ಈ ಸಲ ಒಂದ್ ಹೊಸ ಕಾಲಂ ಬಂದಿದೆ. ಹೋದ್ ವರ್ಷದ ನಂಬರ್ ಪಕ್ಕದಲ್ಲೇ ಕಾಣ್ಸುತ್ತೆ. ಯಾವ್ದಾದ್ರೂ ಸ್ಕೂಲ್ ಇಳಿದ್ರೆ ಟೀಚರ್ ಹತ್ರ ಎಕ್ಸ್‌ಪ್ಲನೇಷನ್ ತಗೋಬೇಕಂತೆ. ನಿಮ್ಗೇನ್ ಬಿಡಿ, ಹೋದ್ ವರ್ಷ ತಾಲ್ಲೂಕಿಗೇ ಫಸ್ಟು."

ಟ್ಯಾಬ್ ತೆರೆದು ಪಾಳ್ಯದ ಶಾಲೆಯ ಪುಟ ನೋಡಿದೆ. 2023: ಹನ್ನೊಂದರಲ್ಲಿ ಒಂಬತ್ತು. 2024: ಖಾಲಿ.

ಆ ಒಂಬತ್ತು ನಾನು ಬರೆದದ್ದು. ಪಾಳ್ಯಕ್ಕೆ ಹೋಗದೆ ಬರೆದದ್ದು.

ಹೋದ ವರ್ಷ ನವೆಂಬರಿನಲ್ಲಿ ಅಮ್ಮ ಆಸ್ಪತ್ರೆಯಲ್ಲಿದ್ದಳು. ಮೂರು ಶಾಲೆ ಉಳಿದಿದ್ದವು. ಕೊನೆಯ ದಿನ. ವಾರ್ಡಿನ ಹೊರಗೆ ಕಬ್ಬಿಣದ ಬೆಂಚು. ಎರಡು ಶಾಲೆಗಳಿಗೆ ಫೋನ್ ಮಾಡಿ ಕೇಳಿ ತುಂಬಿದೆ. ಪಾಳ್ಯಕ್ಕೆ ಫೋನೂ ಮಾಡಲಿಲ್ಲ. ಅಲ್ಲಿರುವುದು ಮುತ್ತಕ್ಕ. ಮೂವತ್ತು ವರ್ಷದಿಂದ ಮಕ್ಕಳಿಗೆ ಓದು ಕಲಿಸಿದವರು. ಅವರ ಶಾಲೆ ಹಸಿರಾಗದೆ ಇನ್ಯಾವುದು ಆಗಬೇಕು — ಹಾಗೆ ಅಂದುಕೊಂಡೆ. ಒಂಬತ್ತು ಅಂತ ಒತ್ತಿದೆ. ಹನ್ನೊಂದೂ ಹಾಕಿದರೆ ಯಾರಾದರೂ ಅನುಮಾನ ಪಡುತ್ತಾರೆ ಎನ್ನುವಷ್ಟು ಬುದ್ಧಿ ಇತ್ತು. ಅದು ಇದ್ದದ್ದೇ ಈಗ ನಾಚಿಕೆ.

ಫೆಬ್ರವರಿಯಲ್ಲಿ ಕ್ಲಸ್ಟರಿಗೆ ಪ್ರಶಂಸಾ ಪತ್ರ ಬಂತು. ಶಾಲು ಹೊದಿಸಿದರು. ಅಮ್ಮ ಹಾಸಿಗೆಯಲ್ಲೇ ಆ ಶಾಲು ಮುಟ್ಟಿ ನೋಡಿದಳು.

24 ನವೆಂಬರ್, ಭಾನುವಾರ

ರಾಜಘಟ್ಟದ ಹತ್ತಿರ ಮುತ್ತಕ್ಕನ ಮನೆ. ಹದಿನೈದು ದಿನಕ್ಕೊಮ್ಮೆ ಭಾನುವಾರ ನನ್ನ ಊಟ ಅಲ್ಲಿ. ಇಪ್ಪತ್ತೆರಡು ವರ್ಷದ ಹಿಂದೆ, ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಇಲಾಖೆಯ ಟ್ರೈನಿಂಗಿನಲ್ಲಿ ಒಂದೇ ರೂಮಿನಲ್ಲಿದ್ದೆವು. ಅವರಿಗೆ ಈಗ ಐವತ್ತೊಂಬತ್ತು, ಬರುವ ನವೆಂಬರಿಗೆ ರಿಟೈರ್ ಆಗುತ್ತಾರೆ. ನನಗೆ ನಲವತ್ತೆಂಟು.

ಹೊಸ ಅವರೆಕಾಯಿ. ಅವರು ಸುಲಿದರು, ನಾನು ಸುಲಿದೆ. ಅವರ ಗಂಡ ಗಂಗಣ್ಣ ಟಿವಿ ಮುಂದೆ ನಿದ್ದೆ ಹೋಗಿದ್ದರು. ಮುದ್ದೆ, ಅವರೆಕಾಳು ಸಾರು.

"ನಮ್ ಸ್ಕೂಲಿಗೆ ಯಾವತ್ತೇ ಬರ್ತೀಯ?"

"ಬುಧವಾರ ಅಕ್ಕ."

"ಬಾ. ಮೆತ್ತಗೆ ನೋಡ್ಬೇಡ, ಸರಿಯಾಗ್ ನೋಡು. ನಾನಿದೀನಿ ಅಂತ ಬಿಡ್ಬೇಡ."

ಹೇಳಿಬಿಡಬಹುದಿತ್ತು. ಸುಲಿದ ಸಿಪ್ಪೆ ಮೊರದಲ್ಲಿ ಗುಡ್ಡೆಯಾಗಿತ್ತು. ಅದನ್ನು ಎತ್ತಿಕೊಂಡು ಹಸುವಿಗೆ ಹಾಕಿ ಬಂದೆ. ಬರುವಾಗ ಡಬ್ಬಿಯಲ್ಲಿ ಸಾರು ಕೊಟ್ಟರು.

27 ನವೆಂಬರ್, ಬುಧವಾರ. ಸಂಜೆ 6

ಪಾಳ್ಯ.

ಒಂದರಿಂದ ಐದು, ಇಪ್ಪತ್ಮೂರು ಮಕ್ಕಳು, ಒಬ್ಬರೇ ಟೀಚರ್. ಎರಡನೇ ಹುದ್ದೆ ಖಾಲಿಯಾಗಿ ಮೂರು ವರ್ಷ. ನಾನು ಹೋದಾಗ ಮುತ್ತಕ್ಕ ಒಂದು ಕೈಯಲ್ಲಿ ಮೊಟ್ಟೆ ಲೆಕ್ಕದ ಪುಸ್ತಕ, ಇನ್ನೊಂದು ಕೈಯಲ್ಲಿ ಮತದಾರರ ಪಟ್ಟಿ ಹಿಡಿದಿದ್ದರು. ಎರಡನೇ ಕ್ಲಾಸಿನವರು ಬೋರ್ಡಿನ ಮೇಲಿದ್ದದ್ದನ್ನು ಬರೆಯುತ್ತಿದ್ದರು. ಬೋರ್ಡಿನ ಮೇಲೆ ನಿನ್ನೆಯ ತಾರೀಖು.

ಈ ವರ್ಷವೂ ಹನ್ನೊಂದೇ ಮಕ್ಕಳು. ಪಕ್ಕದ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿದೆ.

ಚಂದನ, ಐದನೇ ಕ್ಲಾಸು. ಬಂದವಳೇ, "ಮಿಸ್, ನಂಗೆ ಓದಕ್ ಬರುತ್ತೆ," ಅಂತ ತನ್ನ ಪುಸ್ತಕ ತೆಗೆದು ಮೊದಲ ಪಾಠ ಗಡಗಡ ಒಪ್ಪಿಸಿದಳು. ರಾಗವಾಗಿ, ಬೆರಳು ಸಾಲಿನ ಕೆಳಗೆ ಇಟ್ಟುಕೊಂಡು. ಬೆರಳು ಇದ್ದದ್ದು ಮೂರನೇ ಪುಟದಲ್ಲಿ. ಹೇಳುತ್ತಿದ್ದದ್ದು ಮೊದಲನೇ ಪುಟ.

ಕಾರ್ಡು ಕೊಟ್ಟೆ. ನೋಡಿದಳು. ನನ್ನ ಮುಖ ನೋಡಿದಳು.

"ಮಿಸ್, ಇದು ನಮ್ ಪುಸ್ತಕದಲ್ಲಿ ಇಲ್ಲ."

"ಇರ್ಲಿ ಪುಟ್ಟಿ. ಗೊತ್ತಿರೋ ಅಕ್ಷರ ಹೇಳು."

ಅ, ರ, ಗ. ಸ್ವಲ್ಪ ಹೊತ್ತು ಬಿಟ್ಟು, ಮ. ಆಮೇಲೆ ಕಾರ್ಡನ್ನು ಬೋರಲು ಹಾಕಿ ಅದರ ಮೇಲೆ ಕೈಯಿಟ್ಟಳು.

"ಅವ್ರಿಗೆ ಹೇಳ್ಬೇಡಿ ಮಿಸ್," ಅಂದಳು. ಹೊರಗೆ ಕೂತ ಮಕ್ಕಳನ್ನು ತೋರಿಸಿ. ಅವಳೇ ಅವರ ಲೀಡರ್ ಅಂತೆ. ಪ್ರಾರ್ಥನೆ ಹೇಳಿಸುವವಳು.

ಹನ್ನೊಂದರಲ್ಲಿ ಮೂರು.

ಮಕ್ಕಳು ಊಟಕ್ಕೆ ಕೂತಾಗ ಮುತ್ತಕ್ಕ ಪಕ್ಕಕ್ಕೆ ಬಂದರು. "ಮೂರು ತಾನೆ? ನಂಗೊತ್ತು. ಕೋವಿಡ್ಡಿನಲ್ಲಿ ಅಕ್ಷರ ಬಿಟ್ಟೋದ ಮಕ್ಳು ಇವು. ಒಬ್ಬೊಬ್ರನ್ನೇ ಕೂರಿಸ್ಕೊಂಡು ತಿದ್ದಿಸ್ಬೇಕು. ಒಬ್ಳು ನಾನು ಎಲ್ಲಿ ಅಂತ ಕೂರ್ಲಿ? ಹೋದ್ ವರ್ಷ ಗೆಸ್ಟ್ ಟೀಚರ್ ಕೊಡಿ ಅಂತ ಎರಡ್ ಸಲ ಬರ್ದೆ. ಕೆಂಪು ಸ್ಕೂಲಿಗೆ ಮಾತ್ರ ಕೊಡೋದು, ನಿಮ್ದು ಹಸಿರು ಅಂದ್ರು. ಹಸಿರಂತೆ! ಯಾವನ್ ನೋಡ್ ಬಂದ್ನೋ. ನೀನಂತೂ ಆಸ್ಪತ್ರೇಲಿದ್ದೆ. ನಾನ್ ಟ್ರೈನಿಂಗಿಗೆ ಹೋದಾಗ ಬೇರೆ ಯಾರನ್ನೋ ಕಳ್ಸಿರ್ಬೇಕು."

ನನ್ನ ತಟ್ಟೆಗೆ ಅನ್ನ ಹಾಕಿದರು. ಬೋಂಡ ಇಲ್ಲ, ಮಕ್ಕಳ ಸಾಲಿನಲ್ಲೇ ಕೂರಿಸಿದರು. ತಿಂದೆ.

ಟ್ಯಾಬಿನಲ್ಲಿ ಇನ್ನೂ ಕಳಿಸಿಲ್ಲ. ಡ್ರಾಫ್ಟ್ ಆಗಿ ಇದೆ.

28 ನವೆಂಬರ್

ಭಾನುಪ್ರಕಾಶ್‌ಗೆ ಹೇಳಿದೆ, ಪಾಳ್ಯ ಇಳಿಯುತ್ತದೆ ಎಂದು. ಎಷ್ಟಕ್ಕೆ ಅಂದ. ಮೂರು ಅಂದೆ. ಕೀಬೋರ್ಡಿನಲ್ಲಿ ಲೆಕ್ಕ ಹಾಕಿ ನೋಡಿದ.

"ಏಳು ಹಾಕಿ ಮೇಡಂ. ಹಸಿರಲ್ಲೇ ಇರುತ್ತೆ. ಆಯಮ್ಮ ಇನ್ನೊಂದ್ ವರ್ಷದಲ್ಲಿ ಮನೆಗೆ ಹೋಗ್ತಾರೆ. ಈಗ್ಯಾಕೆ ನೋಟಿಸು ಗೀಟಿಸು?"

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನಾನೂ ಹೋದ ವರ್ಷ ಒಳ್ಳೆಯ ಮನಸ್ಸಿನಿಂದಲೇ ಬರೆದದ್ದು.

ಏಳು ಹಾಕಿದರೆ ಇನ್ನೊಂದು ವರ್ಷ ಗೆಸ್ಟ್ ಟೀಚರ್ ಇಲ್ಲ. ಮೂರು ಹಾಕಿದರೆ, ಒಂದೇ ವರ್ಷದಲ್ಲಿ ಆರು ಮಕ್ಕಳ ಓದು ಕಳೆದ ಟೀಚರ್ ಎಂದು ಮುತ್ತಕ್ಕನ ಮೇಲೆ. ಮೂವತ್ತು ವರ್ಷದ ಸರ್ವಿಸಿನ ಕೊನೆಗೆ.

ಇನ್ನೊಂದು ದಾರಿ ಇದೆ. ಅದು ಇದೆ ಅಂತ ಬುಧವಾರವೇ ಗೊತ್ತಿತ್ತು.

30 ನವೆಂಬರ್, ಶನಿವಾರ. ಸಂಜೆ

ತಮ್ಮ ಕೆಂಪರಾಜು ಫೋನ್ ಮಾಡಿದ. ತಿಂಗಳ ಕೊನೆಗೆ ಮಾಡುತ್ತಾನೆ. ಪಿಲ್ಲಗುಂಪೆಯ ಅವನ ಫ್ಯಾಕ್ಟರಿಯಲ್ಲಿ ಶಿಫ್ಟ್ ಬದಲಾಗುವ ಹೊತ್ತು, ಹಿಂದೆ ಸೈರನ್.

"ಅಕ್ಕ, ಊಟ ಆಯ್ತಾ? ಮತ್ತೇನ್ ಸಮಾಚಾರ?"

ಹೇಳೋಣ ಅಂತ ಬಾಯಿ ತೆರೆದೆ. ಎಲ್ಲಿಂದ ಶುರು ಮಾಡುವುದು? ಹಸಿರು ಅಂದರೇನು, ಕೆಂಪು ಅಂದರೇನು...

"ಏನಿಲ್ಲ ಕಣೋ."

"ಸರಿ, ಬಸ್ ಬಂತು."

ಎರಡು ನಿಮಿಷ ನಲವತ್ತು ಸೆಕೆಂಡ್. ಆಮೇಲೆ ಕರೆಂಟ್ ಹೋಗಿ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಸದ್ದು ನಿಂತಾಗಲೇ ಈ ಮನೆ ಎಷ್ಟು ದೊಡ್ಡದು ಅಂತ ಗೊತ್ತಾಗುವುದು. ಒಂದೂವರೆ ಕೋಣೆ.

ಪತ್ರ ಬರೆದೆ. ಮೂರು ಸಲ ಹರಿದು, ನಾಲ್ಕನೆಯದು ಅರ್ಧ ಪುಟ.

2 ಡಿಸೆಂಬರ್, ಸೋಮವಾರ

ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲೇ ಮೂರು ಅಂತ ಕಳಿಸಿದೆ. ಆಮೇಲೆ ಆಫೀಸಿಗೆ ಹೋಗಿ ಪತ್ರ ಕೊಟ್ಟೆ. ಹೋದ ವರ್ಷ ಪಾಳ್ಯದ ಶಾಲೆಗೆ ನಾನು ಹೋಗಿರಲಿಲ್ಲ, ಮಕ್ಕಳನ್ನು ಓದಿಸಿರಲಿಲ್ಲ, ಸಂಖ್ಯೆ ನಾನೇ ತುಂಬಿದ್ದು, ಶಿಕ್ಷಕಿಗೆ ಇದು ತಿಳಿದಿಲ್ಲ. ಇನ್ನೆರಡು ಶಾಲೆ ಫೋನಿನಲ್ಲಿ ಕೇಳಿ ತುಂಬಿದ್ದು.

ಬಿಇಒ ಸಾಹೇಬರು ಎರಡು ಸಲ ಓದಿದರು. ಕನ್ನಡಕ ತೆಗೆದರು.

"ಯಾಕಮ್ಮಾ ಬರ್ದ್ರಿ ಇದನ್ನ? ಬಾಯಲ್ಲಿ ಹೇಳಿದ್ರೆ ಸಾಕಿತ್ತು."

"ಬಾಯಲ್ಲಿ ಹೇಳಿದ್ರೆ ಆ ಒಂಬತ್ತು ಹಂಗೇ ಇರುತ್ತಲ್ಲ ಸರ್."

"ಬರ್ದಿದ್ದಕ್ಕೆ ನಾನ್ ಆಕ್ಷನ್ ತಗೋಬೇಕಾಗುತ್ತೆ. ಆಚೆ ಹೋಗಿ ಒಂದ್ ಕಾಫಿ ಕುಡೀರಿ. ವಾಪಸ್ ತಗೋತೀನಿ ಅಂದ್ರೆ ಇಲ್ಲೇ ಇರುತ್ತೆ, ಟೇಬಲ್ ಮೇಲೆ."

ಕಾಫಿ ಕುಡಿದೆ. ಒಳಗೆ ಹೋಗಲಿಲ್ಲ. ಸೀದಾ ಬಸ್ ಹತ್ತಿದೆ. ಕಂಡಕ್ಟರ್ ಮುಖವನ್ನೂ ನೋಡದೆ ಫ್ರೀ ಟಿಕೆಟ್ ಹರಿದು ಕೊಟ್ಟ.

ಮುತ್ತಕ್ಕನಿಗೆ ನಾಳೆ ಹೇಳುತ್ತೇನೆ.

3 ಡಿಸೆಂಬರ್

ಹೇಳಲಿಲ್ಲ. ಬೇರೆ ಶಾಲೆಯ ಕೆಲಸ ಇತ್ತು.

ಇರಲಿಲ್ಲ.

5 ಡಿಸೆಂಬರ್, ಗುರುವಾರ. ಸಂಜೆ

ನಿನ್ನೆಯೇ ಮುತ್ತಕ್ಕನಿಗೆ ಗೊತ್ತಾಗಿದೆ. ಭಾನುಪ್ರಕಾಶ್ ಒಳ್ಳೆಯ ಸುದ್ದಿ ಅಂತ ಫೋನ್ ಮಾಡಿ ಹೇಳಿದನಂತೆ — ನಿಮ್ಗೇನೂ ನೋಟಿಸ್ ಬರಲ್ಲ ಮೇಡಂ, ಪ್ರಮೋದಾ ಮೇಡಂ ಎಲ್ಲಾ ತಮ್ಮ ಮೇಲೆ ಹಾಕ್ಕೊಂಡ್ರು.

ಶಾಲೆ ಬಿಡುವ ಹೊತ್ತಿಗೆ ಹೋದೆ. ಮುತ್ತಕ್ಕ ಬೀಗ ಹಾಕುತ್ತಿದ್ದರು. ತಿರುಗಿ ನೋಡಲಿಲ್ಲ.

"ಬೇರೆಯವ್ರ ಬಾಯಲ್ಲಿ ಕೇಳ್ಬೇಕಾಯ್ತು."

"ತಪ್ಪಾಯ್ತು ಅಕ್ಕ."

"ಯಾವತ್ತು ಬರ್ದಿದ್ದು ಅದನ್ನ?"

"ಕೊನೇ ದಿನ. ಆಸ್ಪತ್ರೇಲಿ."

"ನಾನ್ ಊಟ ತಂದಿದ್ ದಿನ?"

ಹೂಂ ಅಂದೆ. ಆ ದಿನ ಅವರು ಕ್ಯಾರಿಯರ್ ಹಿಡಿದು ಮೆಟ್ಟಿಲು ಹತ್ತಿ ಬರುವ ಹತ್ತು ನಿಮಿಷ ಮುಂಚೆ ಕಳಿಸಿದ್ದೆ. ಬೆಂಚಿನ ಮೇಲೆ ಒಟ್ಟಿಗೆ ಕೂತು ಉಂಡೆವು. ಟ್ಯಾಬ್ ನಮ್ಮಿಬ್ಬರ ನಡುವೆ ಇತ್ತು.

"ಪಕ್ಕದಲ್ಲೇ ಕೂತಿದ್ದೆನಲ್ಲೇ. ಅಕ್ಕ, ನಿನ್ ಸ್ಕೂಲಲ್ಲಿ ಎಷ್ಟ್ ಮಕ್ಳು ಓದ್ತಾರೆ ಅಂತ ಒಂದ್ ಮಾತು ಕೇಳಿದ್ರೆ ಹೇಳ್ತಿದ್ದೆ. ಎರಡು ಅಂತ ಹೇಳ್ತಿದ್ದೆ."

"ನಿಮ್ಗೆ ಒಳ್ಳೇದಾಗ್ಲಿ ಅಂತ..."

"ನಂಗೇನ್ ಒಳ್ಳೇದಾಗ್ಬೇಕಿತ್ತು?" ಆಗ ತಿರುಗಿದರು. ಅತ್ತಿರಲಿಲ್ಲ. ಅತ್ತಿದ್ದರೆ ವಾಸಿಯಿತ್ತು. "ನಂಗೊಬ್ಬ ಟೀಚರ್ ಬೇಕಿತ್ತು. ಆ ಚಂದನ ನಾಲ್ಕನೇ ಕ್ಲಾಸಲ್ಲಿದ್ಲು ಆಗ. ಇನ್ನು ನಾಲ್ಕ್ ತಿಂಗ್ಳಿಗೆ ಈ ಸ್ಕೂಲು ಬಿಟ್ ಹೋಗ್ತಾಳೆ. ಆ ವರ್ಷ ವಾಪಸ್ ತಂದ್ಕೊಡ್ತೀಯಾ?"

ಬಸ್ ಬಂತು. ಅವರು ಹತ್ತಿದರು. ನನಗೆ ಹತ್ತಲಾಗಲಿಲ್ಲ. ಮುಂದಿನ ಬಸ್ಸಿಗೆ ಒಂದೂಕಾಲು ಗಂಟೆ.

8 ಡಿಸೆಂಬರ್, ಭಾನುವಾರ

ಹೋಗಬೇಕಾದ ಭಾನುವಾರ. ಹೋಗಲಿಲ್ಲ.

22 ಡಿಸೆಂಬರ್, ಭಾನುವಾರ

ಬಟ್ಟೆ ಒಗೆದೆ. ಕಿಟಕಿ ಒರೆಸಿದೆ. ಮಧ್ಯಾಹ್ನ ಎರಡಕ್ಕೆ ದಿನದ ಕೆಲಸವೆಲ್ಲ ಮುಗಿದಿತ್ತು.

14 ಜನವರಿ 2025, ಸಂಕ್ರಾಂತಿ

ಕೆಳಗಿನ ಮನೆಯ ಪಿಳ್ಳಮ್ಮ ಎಳ್ಳು ಬೆಲ್ಲ ಕೊಟ್ಟರು. "ಯಾಕಮ್ಮ, ಭಾನುವಾರ ಎಲ್ಲೂ ಹೋಗಲ್ವಲ್ಲ ಈಗ?" ಕೆಲಸ ಜಾಸ್ತಿ ಅಂದೆ.

ಮುತ್ತಕ್ಕನಿಗೆ ಒಂದು ಮೆಸೇಜ್ ಹಾಕಿದೆ. ಎರಡು ನೀಲಿ ಗೆರೆ ಬಂದವು. ಅಷ್ಟೇ.

22 ಜನವರಿ, ಬುಧವಾರ

ಎರಡು ಕಾಗದ ಬಂದವು, ಒಂದೇ ದಿನ.

ಒಂದು ನನ್ನದು. ಎಚ್ಚರಿಕೆ. ಈ ಶೈಕ್ಷಣಿಕ ವರ್ಷ ಮುಗಿದ ಮೇಲೆ ಸಿಆರ್‌ಪಿ ಕೆಲಸದಿಂದ ಬಿಡುಗಡೆ, ಶಾಲೆಗೆ ವಾಪಸ್. ಪ್ರಶಂಸಾ ಪತ್ರವನ್ನು ಹಿಂದಿರುಗಿಸತಕ್ಕದ್ದು. ಶಾಲಿನ ಬಗ್ಗೆ ಏನೂ ಬರೆದಿಲ್ಲ.

ಇನ್ನೊಂದು ಪಾಳ್ಯದ್ದು. ಗೆಸ್ಟ್ ಟೀಚರ್ ಮಂಜೂರು. ಸಿಂಧು ಎನ್ನುವ ಹುಡುಗಿ, ಬಿ.ಎಡ್ ಮುಗಿಸಿದವಳು. ಮೂರೇ ತಿಂಗಳು ಸಿಗುತ್ತದೆ. ಸಿಗುತ್ತದಲ್ಲ.

ಮೀಟಿಂಗಿನಲ್ಲಿ ಬೇರೆ ಸಿಆರ್‌ಪಿಗಳು ನನ್ನ ಪಕ್ಕದ ಕುರ್ಚಿ ಬಿಟ್ಟು ಕೂತರು. ಟೀ ಕುಡಿಯುವಾಗ ಒಬ್ಬರು ಹೇಳಿದರು — "ನಿಮ್ಮಿಂದ ಈಗ ಎಲ್ಲರ ಹಳೇ ನಂಬರೂ ತೆಗೀತಾರಂತೆ ಮೇಡಂ. ನೀವೇನೋ ಹಗುರ ಆದ್ರಿ." ಬೈದ ಹಾಗಿರಲಿಲ್ಲ, ಸುಸ್ತಾದ ದನಿ. ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಹಗುರ ಮಾತ್ರ ಆಗಿಲ್ಲ.

1 ಫೆಬ್ರವರಿ, ಶನಿವಾರ. ಮಧ್ಯಾಹ್ನ 3

ಪಾಳ್ಯಕ್ಕೆ ಹೋದೆ. ಟ್ಯಾಬ್ ಇಲ್ಲದೆ.

ಶನಿವಾರ ಹನ್ನೊಂದೂವರೆಗೆ ಶಾಲೆ ಬಿಡುತ್ತದೆ. ಚಂದನಳ ಮನೆಗೆ ಹೋಗಿ ಅವಳ ಅಜ್ಜಿಯನ್ನು ಕೇಳಿದೆ — ಶನಿವಾರ ಒಂದೆರಡು ಗಂಟೆ ಕೂರಿಸಿಕೊಳ್ಳಲೇ ಎಂದು. "ಕೂರ್ಸ್ಕೋ ತಾಯಿ, ಮನೇಲಿದ್ರೆ ಬರೀ ಮಾತು," ಅಂದರು.

ಶಾಲೆಯ ಹೊಂಗೆ ಮರದ ಕೆಳಗೆ ಕೂತೆವು. ಮುತ್ತಕ್ಕ ಬಾಗಿಲಿಗೆ ಬಂದು ನೋಡಿದರು. ಒಳಗೆ ಹೋದರು. ಬೀಗ ಹಾಕಿಕೊಂಡು ಹನ್ನೆರಡರ ಬಸ್ಸಿಗೆ ಹೋಗಬಹುದಿತ್ತು. ಹೋಗಲಿಲ್ಲ. ಒಳಗೆ ರಿಜಿಸ್ಟರ್ ಬರೆಯುತ್ತ ಕೂತರು.

1.40ರ ಬಸ್ಸು. ಅವರು ಮುಂದಿನ ಸೀಟು, ನಾನು ಹಿಂದಿನದು. ದಾರಿಯುದ್ದಕ್ಕೂ ಅವರ ಜಡೆಯ ನೆರೆಗೂದಲು ನೋಡುತ್ತ ಬಂದೆ. ನನಗಿಂತ ಮುಂಚಿನ ಸ್ಟಾಪಿನಲ್ಲಿ ಇಳಿದರು.

15 ಫೆಬ್ರವರಿ, ಶನಿವಾರ

ಮೂರನೇ ಶನಿವಾರ. ಹದಿನೆಂಟು ಅಕ್ಷರ. ಬ ಮತ್ತು ಭ ಒಂದೇ ಅಂತ ವಾದ ಮಾಡುತ್ತಾಳೆ. "ಇಬ್ರೂ ಅಣ್ಣ ತಮ್ಮ ಮಿಸ್. ಒಬ್ಬ ದಪ್ಪ." ಕಾಗುಣಿತ ಶುರು ಮಾಡಿದೆ. ಪಾಠ ಮಾಡುವುದು ಕೈಗೆ ಮರೆತಿತ್ತು. ಗಂಟಲು ನೋಯುತ್ತಿದೆ. ಹಿತವಾಗಿ.

ಮುತ್ತಕ್ಕ ಇವತ್ತೂ ಒಳಗೆ ಕೂತಿದ್ದರು. ಮೂರು ವಾರಕ್ಕಾಗುವಷ್ಟು ರಿಜಿಸ್ಟರ್ ಆ ಶಾಲೆಯಲ್ಲಿಲ್ಲ.

ಅದೇ ಬಸ್ಸು. ಅವರು ಮುಂದೆ, ನಾನು ಹಿಂದೆ.

8 ಮಾರ್ಚ್, ಶನಿವಾರ

ಅಮ್ಮನ ವರ್ಷದ ಕಾರ್ಯ ಮುಗಿಯಿತು, ಗುರುವಾರ. ಕೆಂಪರಾಜು ಬಂದಿದ್ದ, ಬೆಳಿಗ್ಗೆ ಬಂದು ಮಧ್ಯಾಹ್ನ ಹೋದ. ಮುತ್ತಕ್ಕ ಬರಲಿಲ್ಲ. ಗಂಗಣ್ಣ ಬಂದು ಒಂದು ಮೂಟೆ ರಾಗಿ ಇಳಿಸಿ, "ಅವ್ಳೇ ಕಳ್ಸಿದ್ದು, ನಾನ್ ಹೇಳ್ದೆ ಅನ್ಬೇಡ," ಅಂದರು. ಊಟ ಮಾಡಿ ಹೋದರು.

ಇವತ್ತು ಚಂದನ 'ಮರ' ಓದಿದಳು. 'ಮರದ' ಓದಿದಳು. 'ಮರದ ಕೆಳಗೆ' ಅನ್ನುವಲ್ಲಿ ಳ ಅಕ್ಷರದಲ್ಲಿ ಸಿಕ್ಕಿಕೊಂಡು ಕೋಪ ಬಂದು ಸ್ಲೇಟ್ ಪಕ್ಕಕ್ಕಿಟ್ಟಳು. ನಾನೂ ಇಟ್ಟೆ. ಆಮೇಲೆ ಅವಳೇ ಎತ್ತಿಕೊಂಡಳು.

5 ಏಪ್ರಿಲ್, ಶನಿವಾರ. ಸಂಜೆ

ಕೊನೆಯ ಶನಿವಾರ. ಜೂನಿನಿಂದ ಅವಳಿಗೆ ಆರನೇ ಕ್ಲಾಸು, ಬೇರೆ ಊರಿನ ಶಾಲೆ, ಎರಡು ಕಿಲೋಮೀಟರ್ ನಡೆಯಬೇಕು.

ನವೆಂಬರಿನ ಅದೇ ಕಾರ್ಡು ಕೊಟ್ಟೆ. ವಾಕ್ಯ. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ನಿಂತು, ಮತ್ತೆ ಶುರು ಮಾಡಿ — ನಾಲ್ಕು ವಾಕ್ಯದಲ್ಲಿ ಎರಡು ಓದಿದಳು. ಒತ್ತಕ್ಷರ ಬಂದಲ್ಲೆಲ್ಲ ಹಾರಿಸಿದಳು. ಎರಡನ್ನು ಓದಲು ಆರು ನಿಮಿಷ. ಸಮೀಕ್ಷೆಯಲ್ಲಾದರೆ ಇದನ್ನು 'ಪದ' ಅಂತ ಬರೆಯಬೇಕು. ವಾಕ್ಯ ಅಲ್ಲ. ಒಂದು ವರ್ಷ ವಾಪಸ್ ಬರಲಿಲ್ಲ. ಅದರ ಒಂದು ಚೂರು ಬಂತು, ಅಷ್ಟೇ.

ಕಾರ್ಡು ವಾಪಸ್ ಕೊಟ್ಟು, "ಇದು ಬರೀ ಕಂಠಪಾಠ ಅಲ್ಲ ಅಲ್ವಾ ಮಿಸ್?" ಅಂತ ಕೇಳಿದಳು.

"ಅಲ್ಲ ಪುಟ್ಟಿ. ಓದಿದ್ದು."

ತಲೆಯೆತ್ತಿದೆ. ಮುತ್ತಕ್ಕ ಕಿಟಕಿಯಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ನನ್ನನ್ನು ನೋಡಲಿಲ್ಲ. ಅವಳನ್ನು ನೋಡುತ್ತಿದ್ದರು.

ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ ಇತ್ತು. ಅಲ್ಲಿಗೆ ಹೋಗಿ ಕೂರುವ ಧೈರ್ಯ ಬರಲಿಲ್ಲ.

3 ಜೂನ್, ಮಂಗಳವಾರ

ಶಾಲೆ ಆರಿಸಿಕೊಳ್ಳುವ ಕೌನ್ಸೆಲಿಂಗ್. ಪರದೆಯ ಮೇಲೆ ಖಾಲಿ ಹುದ್ದೆಗಳ ಪಟ್ಟಿ. ಟೌನಿನಲ್ಲಿ ಒಂದಿತ್ತು, ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಎಲ್ಲರೂ ಅದನ್ನೇ ತೆಗೆದುಕೊಳ್ಳುತ್ತೇನೆ ಅಂದುಕೊಂಡಿದ್ದರು. ಪಾಳ್ಯದ ಎರಡನೇ ಹುದ್ದೆ ಪಟ್ಟಿಯ ಕೊನೆಯಲ್ಲಿತ್ತು. ನಾಲ್ಕು ವರ್ಷದಿಂದ ಯಾರೂ ಕೇಳದ ಹುದ್ದೆ.

"ಅಲ್ಲಿಗಾ?" ಅಂದರು ಬಿಇಒ ಸಾಹೇಬರು. "ಮುತ್ತಮ್ಮನವ್ರನ್ನ ಕೇಳಿದೀರಾ?"

"ಇಲ್ಲ ಸರ್."

ಸಹಿ ಹಾಕಿದೆ.

9 ಜೂನ್, ಸೋಮವಾರ. ಸಂಜೆ

ಮೊದಲ ದಿನ. ಸಿಂಧು ಏಪ್ರಿಲಿಗೇ ಮುಗಿಸಿ ಹೋಗಿದ್ದಾಳೆ. ಈಗ ನಾವಿಬ್ಬರೇ.

ಮುತ್ತಕ್ಕ ಹಾಜರಿ ಪುಸ್ತಕ ನನ್ನ ಕಡೆ ತಳ್ಳಿದರು. "ಒಂದು, ಎರಡು, ಮೂರು ನಿಂಗೆ. ನಾಲ್ಕು ಐದು ನಂಗೆ. ಮೊಟ್ಟೆ ಲೆಕ್ಕ ನೀನೇ ನೋಡು, ನಂಗೆ ಕಣ್ಣು ಕಾಣಲ್ಲ."

ಆರು ತಿಂಗಳಲ್ಲಿ ಮೊದಲ ಮಾತು. ಮೂರು ಸಲ ಮನಸ್ಸಿನಲ್ಲಿ ಹೇಳಿಕೊಂಡೆ.

ಮಧ್ಯಾಹ್ನ ಅವರು ಆ ಕೋಣೆಯಲ್ಲಿ ಉಂಡರು, ನಾನು ಈ ಕೋಣೆಯಲ್ಲಿ.

18 ಆಗಸ್ಟ್

ಎರಡು ತಿಂಗಳಿಂದ ಬರೆದಿಲ್ಲ. ಬರೆಯಲು ಹೊತ್ತಿಲ್ಲ. ಮನೆಗೆ ಬಂದರೆ ಸಾಕು, ಬಿದ್ದುಕೊಳ್ಳುತ್ತೇನೆ.

ನಾವು ಕೆಲಸದ ಮಾತು ಆಡುತ್ತೇವೆ. ಸೀಮೆಸುಣ್ಣ ಮುಗೀತು. ಆ ಮಗು ಮೂರು ದಿನದಿಂದ ಬಂದಿಲ್ಲ, ಮನೆ ಹತ್ರ ಹೋಗಿ ಬಾ. ಇವತ್ತು ನನಗೆ ಜ್ವರ. ಏನೂ ಹೇಳದೆ ನನ್ನ ಮೂರು ಕ್ಲಾಸಿನ ಮಕ್ಕಳನ್ನೂ ತಮ್ಮ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಎಳೆದುಕೊಂಡರು. ಬೆಂಚಿನ ಮೇಲೆ ಮಲಗಿ ಗೋಡೆಯಾಚೆ ಅವರ ದನಿ ಕೇಳಿದೆ. ಟ್ರೈನಿಂಗಿನ ರೂಮಿನಲ್ಲಿ ಪಾಠ ಅಭ್ಯಾಸ ಮಾಡುತ್ತಿದ್ದ ಅದೇ ದನಿ. ಅದನ್ನು ಕೇಳುತ್ತಲೇ ನಿದ್ದೆ ಬಂತು.

19 ನವೆಂಬರ್ 2025, ಬುಧವಾರ. ಬೆಳಿಗ್ಗೆ 11.20

ಸಮೀಕ್ಷೆಗೆ ಹೊಸ ಸಿಆರ್‌ಪಿ ಬಂದಿದ್ದಾರೆ. ಆನಂದ್ ಅಂತ, ಚಿಕ್ಕ ವಯಸ್ಸು, ಬೋಂಡ ಬೇಡ ಅಂದರು. ಈ ವರ್ಷದ ನಿಯಮ: ಮಕ್ಕಳು ಓದುವಾಗ ಟೀಚರ್ ಕೋಣೆಯಲ್ಲಿರಬಾರದು. ಬಾಗಿಲು ಹಾಕಿದ್ದಾರೆ. ಉಳಿದ ಮಕ್ಕಳು ಮೈದಾನದಲ್ಲಿ. ನಾನು ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಮೊದಲ ಬಾರಿ ಶಾಲೆಗೆ ಈ ಪುಸ್ತಕ ತಂದಿದ್ದೇನೆ, ಕೈಗೆ ಏನಾದರೂ ಬೇಕಿತ್ತು.

ಒಳಗಿನಿಂದ ಒಂದು ಮಗುವಿನ ಓದು ಕೇಳಿಸಿತು. ನಿಂತಿತು. ಮತ್ತೆ ಶುರುವಾಯಿತು.

ಮುತ್ತಕ್ಕ ಬಂದು ಅದೇ ಮೆಟ್ಟಿಲ ಮೇಲೆ ಕೂತರು. ಇನ್ನು ಹನ್ನೊಂದು ದಿನ ಅವರ ಸರ್ವಿಸು.

"ಎಷ್ಟ್ ಬರುತ್ತೆ ಅಂತೀಯ?"

"ಹತ್ತರಲ್ಲಿ ಆರು."

"ಐದು," ಅಂದರು. "ಐದು ಬಂದ್ರೆ ಕೆಂಪೇ. ಇರ್ಲಿ. ಕೆಂಪಾದ್ರೆ ನಿಂಗೊಬ್ರು ಗೆಸ್ಟ್ ಟೀಚರ್ ಕೊಡ್ತಾರೆ. ನಾನ್ ಹೋದ್ಮೇಲೆ ಒಬ್ಳೇ ಆಗಲ್ಲ ನಿನ್ ಕೈಲಿ."

ಅವರ ಸೀರೆಯ ಅಂಚಿಗೆ ಸೀಮೆಸುಣ್ಣ ಹತ್ತಿತ್ತು. ಅದನ್ನೇ ನೋಡುತ್ತ ಕೂತೆ.

"ಅದೇನೇ ಅದು, ಬರೀತಾನೇ ಇದ್ಯ?"

"ಏನಿಲ್ಲ ಅಕ್ಕ. ದಿನಚರಿ."

"ನಾನಿದೀನಾ ಅದ್ರಲ್ಲಿ?"

"ಇದೀರ."

"ನೋಡ್ ಬರ್ದಿದ್ದೋ, ನೋಡ್ದೆ ಬರ್ದಿದ್ದೋ?"

ಮುಖ ನೋಡಿದೆ. ನಗುತ್ತಿರಲಿಲ್ಲ. ಬೈಯುತ್ತಲೂ ಇರಲಿಲ್ಲ. ಉತ್ತರಕ್ಕೆ ಕಾಯುತ್ತಿದ್ದರು, ಮಕ್ಕಳ ಮುಂದೆ ಕಾಯುವ ಹಾಗೆ.

"ನೋಡಿ ಬರ್ದಿದ್ದು," ಅಂದೆ.

"ಓದು ಹಂಗಾದ್ರೆ. ಕೇಳೋಣ. ಕೈ ತೊಳ್ಕೊಂಡ್ ಬರ್ತೀನಿ, ತಡಿ."

ನಲ್ಲಿಯ ಹತ್ತಿರ ಹೋಗಿದ್ದಾರೆ. ಹಿಂದಿನ ಪುಟಗಳನ್ನು ತಿರುಗಿಸಿದೆ. ಹೋದ ನವೆಂಬರ್ 21, ಆ ಒಂಬತ್ತಿನ ಪುಟ. ಆ ಪುಟ ಬಿಟ್ಟು ಮುಂದಿನದರಿಂದ ಓದಬಹುದು, ಅವರಿಗೆ ಗೊತ್ತಾಗುವುದಿಲ್ಲ. ಬಿಡಲ್ಲ. ನೀರಿನ ಸದ್ದು ನಿಂತಿತು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದಾರೆ. ಆ ಪುಟದ ಮೊದಲ ಸಾಲಿನ ಕೆಳಗೆ ಬೆರಳಿಟ್ಟಿದ್ದೇನೆ.